ಉಪ್ಪುನೀರಿನಲ್ಲಿಟ್ಟ ಕಲ್ಲು

ಮೆಹ್ನಾಜ್ ಪೆಟ್ರೋಲಿಯಂ ಎಂಜಿನಿಯರು, ಅದರಲ್ಲೇ ಪಿಎಚ್‌.ಡಿ. ಮಾಡಿದವಳು. ಒಂದೆರಡು ಕಿಲೋಮೀಟರ್ ಆಳದ ಕಲ್ಲಿನೊಳಗೆ ಅನಿಲ ಹೇಗೆ ದಾರಿ ಮಾಡಿಕೊಳ್ಳುತ್ತದೆ ಎಂದು ಕೇಳಿದರೆ ಬೋರ್ಡಿನ ಮೇಲೆ ಚಿತ್ರ ಬರೆದು, ಲೆಕ್ಕ ಹಾಕಿ, ಕೇಳಿದವರು ಸಾಕು ಎನ್ನುವವರೆಗೆ ಹೇಳಬಲ್ಲಳು. ಆದರೆ ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ಅವಳು ಒಂದೇ ಒಂದು ಅನಿಲದ ಬಾವಿಯ ಪಕ್ಕದಲ್ಲಿ ನಿಂತಿರಲಿಲ್ಲ. ನಿಲ್ಲಬೇಕು ಎಂಬುದೊಂದೇ ಅವಳ ಆಸೆ. ಒಡವೆ, ಮನೆ, ವಿದೇಶ, ಯಾವುದರ ಮೇಲೂ ಅಷ್ಟಾಗಿ ಮನಸ್ಸು ಹರಿಸದವಳಿಗೆ ಈ ಒಂದರ ಹಸಿವು ಮಾತ್ರ ಇಂಗಿರಲಿಲ್ಲ.

ಅವಳು ಈ ಓದಿಗೆ ಬಿದ್ದದ್ದೇ ತಿಳಿಯದೆ. ತಂದೆ ಮಸ್ತಾನ್ ಸಾಬರಿಗೆ ದೊಡ್ಡಬಳ್ಳಾಪುರದಲ್ಲಿ ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಷೆಡ್ಡಿತ್ತು. ಮಗ್ಗದ ಸದ್ದಿಗೆ ಆ ಮನೆಯಲ್ಲಿ ಯಾರಿಗೂ ಎಚ್ಚರವಾಗುತ್ತಿರಲಿಲ್ಲ, ಅದು ನಿಂತರೆ ಎಚ್ಚರವಾಗುತ್ತಿತ್ತು. ಸೌದಿಯಲ್ಲಿ ಡ್ರೈವರಾಗಿದ್ದ ಸಾಬರ ತಂಗಿಯ ಮಗ ಮುಜಾಮಿಲ್ ರಜೆಗೆ ಬಂದವನು, ಅಲ್ಲಿ ಪೆಟ್ರೋಲಿಯಂ ಎಂಜಿನಿಯರುಗಳಿಗೆ ಕಾರಿನ ಬಾಗಿಲನ್ನು ಕೂಡ ಬೇರೆಯವರು ತೆಗೆಯಬೇಕು ಎಂದು ಹೇಳಿದ್ದ. ಸಾಬರಿಗೆ ಅಷ್ಟು ಸಾಕಾಯಿತು. ಆಂಧ್ರದ ಕರಾವಳಿಯ ಕಾಲೇಜೊಂದರಲ್ಲಿ ಮಗಳಿಗೆ ಆ ಸೀಟು ಸಿಕ್ಕಿದಾಗ ಬೀದಿಯವರು, “ಯಾವ್ ಕಡೆ ಹಾಕುಸ್ತೀರ ಸಾಬ್ರೆ ಬಂಕು, ಬೈಪಾಸಲ್ಲಾ?” ಎಂದು ಕೇಳಿದರು. ಸಾಬರು ಕೋಪಿಸಿಕೊಳ್ಳಲಿಲ್ಲ. ಅವರಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಮೊದಲ ಮೂರು ವರ್ಷ ಮೆಹ್ನಾಜ್ ಪುಸ್ತಕ ಓದಿದಳು, ಪಾಸಾದಳು, ಅಷ್ಟೇ. ಆಸೆ ಹತ್ತಿದ್ದು ಕೊನೆಯ ವರ್ಷದ ಪ್ರವಾಸದಲ್ಲಿ. ಗೋದಾವರಿಯ ಬಯಲಲ್ಲಿ ಹೊಸದಾಗಿ ಬಾವಿ ಕೊರೆಯುತ್ತಿದ್ದರು, ಅದನ್ನು ತೋರಿಸಲು ಇಡೀ ತರಗತಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಗೇಟಿನ ಬಳಿ ಅಧಿಕಾರಿಯೊಬ್ಬ ಬಸ್ಸು ಹತ್ತಿ ನೋಡಿ, ಹೆಣ್ಣುಮಕ್ಕಳಿಗೆ ಒಳಗೆ ವ್ಯವಸ್ಥೆ ಇಲ್ಲ, ಅವರು ಇಲ್ಲೇ ಕೂತಿರಲಿ ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ, ಕುಡಿಯಲು ನೀರನ್ನೂ ಕಳಿಸಿದ. ಜೊತೆಯ ಹುಡುಗಿಯರು ನಿದ್ದೆ ಹೋದರು. ಮೆಹ್ನಾಜ್ ಕಿಟಕಿಯಿಂದ ನೋಡುತ್ತ ಕೂತಳು. ತೆಂಗಿನ ಮರಗಳ ಮೇಲೆ ಕೊರೆಯುವ ಗೋಪುರದ ತುದಿ ಮಾತ್ರ ಕಾಣುತ್ತಿತ್ತು. ಸಂಜೆ ಹುಡುಗರು ಶೂ ತುಂಬ ಕೆಸರು ಮಾಡಿಕೊಂಡು, ಒಬ್ಬರ ಮೇಲೊಬ್ಬರು ಮಾತಾಡುತ್ತ ಬಂದರು. ಆಳದಿಂದ ಕೊಳವೆಯನ್ನು ಎಳೆಯುವಾಗ ಕಾಲ ಕೆಳಗಿನ ಕಬ್ಬಿಣದ ಹಾಸು ನಡುಗಿತಂತೆ. ಹೇಗೆ ನಡುಗಿತು ಎಂದು ಅವಳು ಒಬ್ಬನನ್ನು ಕೇಳಿದಳು. ಅವನು ಯೋಚಿಸಿ, ಹಾಗೇ, ನಡುಗಿತು ಎಂದ. ಆ ಉತ್ತರವನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಮುಂದಿನದು ಇಂಥ ಹೆಣ್ಣುಮಕ್ಕಳ ಸಾಧಾರಣ ಕಥೆ. ಕೆಲಸಕ್ಕೆ ಸಂದರ್ಶನ ಮಾಡಿದವರು ಅಂಕಗಳನ್ನು ಹೊಗಳಿ ಕಚೇರಿಯ ಕೆಲಸ ಕೊಡುತ್ತೇವೆ ಎಂದರು, ಬಾವಿಯ ಕೆಲಸ ಎಂದರೆ ನಕ್ಕರು. ಅವಳು ಮೇಲೆ ಓದಿದಳು, ಸಂಶೋಧನೆಗೆ ಸೇರಿದಳು. ಕಾಲ ಬದಲಾಗಿ ಬಾವಿಗಳಿಗೂ ಹುಡುಗಿಯರನ್ನು ತೆಗೆದುಕೊಳ್ಳತೊಡಗುವ ಹೊತ್ತಿಗೆ ಅವಳು ಲ್ಯಾಬಿನವಳು ಎಂದು ಹೆಸರಾಗಿಬಿಟ್ಟಿದ್ದಳು. ನಡುವೆ ಮದುವೆಯ ಮಾತುಗಳು ಬಂದವು, ಹೋದವು. ಅವಕ್ಕೂ ಈ ಕಥೆಗೂ ಸಂಬಂಧವಿಲ್ಲ.

ತಂದೆ ತೀರಿಕೊಂಡ ಮೇಲೆ ಅವಳು ಊರಿಗೇ ಬಂದು ತಾಯಿ ಹಬೀಬುನ್ನೀಸಾ ಜೊತೆ ಇದ್ದಳು. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಗೋದಾಮುಗಳ ಸಾಲಿನ ನಡುವೆ, ಖಾಸಗಿ ಸಂಸ್ಥೆಯೊಂದು ನಡೆಸುವ ಲ್ಯಾಬಿನಲ್ಲಿ ಕೆಲಸ. ಈ ಸೀಮೆಯ ನೆಲದಡಿ ಎಷ್ಟು ಆಳಕ್ಕೆ ಹೋದರೂ ಗಟ್ಟಿ ಬಂಡೆಯೇ. ಎಣ್ಣೆಯಿಲ್ಲ, ಅನಿಲವಿಲ್ಲ, ನೀರಿಗೇ ತತ್ವಾರ. ಪೆಟ್ರೋಲಿಯಂ ಎಂಜಿನಿಯರಿಗೆ ಇದಕ್ಕಿಂತ ಕೆಲಸಕ್ಕೆ ಬಾರದ ಊರು ಇನ್ನೊಂದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಬೇರೆ ಕಡೆಯ ಕಲ್ಲುಗಳು ಅವಳ ಬಳಿಗೆ ಪೆಟ್ಟಿಗೆಯಲ್ಲಿ ಬರುತ್ತಿದ್ದವು.

ಅವಳ ಕೆಲಸ ಹೈಡ್ರೋಜನ್ನಿನದು. ಪಾವಗಡದಂಥ ಕಡೆ ಮಧ್ಯಾಹ್ನದ ಬಿಸಿಲಿನಲ್ಲಿ ತಯಾರಾಗುವ ವಿದ್ಯುತ್ತೆಲ್ಲ ಆ ಹೊತ್ತಿಗೇ ಖರ್ಚಾಗುವುದಿಲ್ಲ. ಮಿಕ್ಕಿದ್ದರಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿಟ್ಟುಕೊಂಡರೆ ಮಳೆಗಾಲದಲ್ಲಿ ಅದನ್ನು ಉರಿಸಿ ಮತ್ತೆ ವಿದ್ಯುತ್ ಪಡೆಯಬಹುದು. ಇಡುವುದೆಲ್ಲಿ ಎಂಬುದೇ ಪ್ರಶ್ನೆ. ಒಂದು ನಾಡಿಗೆ ತಿಂಗಳುಗಟ್ಟಲೆ ಸಾಲುವಷ್ಟು ಅನಿಲ ಹಿಡಿಸುವ ತೊಟ್ಟಿಯನ್ನು ಯಾರೂ ಕಟ್ಟಲಾರರು. ಆದರೆ ಅನಿಲ ತೆಗೆದು ಬರಿದು ಮಾಡಿದ ಹಳೆಯ ಬಾವಿಗಳ ಕೆಳಗೆ ಅಂಥ ಜಾಗ ಇದ್ದೇ ಇದೆ, ಮರಳುಗಲ್ಲಿನ ಕಣಕಣಗಳ ನಡುವೆ. ಅಲ್ಲಿಗೆ ಹೈಡ್ರೋಜನ್ನನ್ನು ತುಂಬಿದರೆ ಅದು ಒಳಗೆ ಹೋದೀತೇ, ಹೋದದ್ದು ಕರೆದಾಗ ಹಿಂದಕ್ಕೆ ಬಂದೀತೇ? ಇದಕ್ಕೆ ಉತ್ತರ ಹುಡುಕುವುದು ಅವಳ ಉದ್ಯೋಗ.

ಪಶ್ಚಿಮದ ಮರಳುಗಾಡಿನಲ್ಲಿ ಅಂಥದೊಂದು ಬರಿದಾದ ಬಾವಿ ಇಟ್ಟುಕೊಂಡಿದ್ದ ಕಂಪನಿಯೊಂದು ಪರೀಕ್ಷೆಗಾಗಿ ಹೈಡ್ರೋಜನ್ ತುಂಬಲು ಮುಂದಾಯಿತು. ಬಾವಿ ತೋಡಿದ ಕಾಲದಲ್ಲಿ ಆಳದಿಂದ ಕೊರೆದು ತೆಗೆದಿದ್ದ ಕಲ್ಲಿನಲ್ಲಿ ಒಡೆಯದೆ ಉಳಿದದ್ದು ಎರಡೇ ತುಂಡು. ಕೋರ್ ಎನ್ನುತ್ತಾರೆ ಅದಕ್ಕೆ. ಹೆಬ್ಬೆರಳಿಗಿಂತ ದಪ್ಪ, ಗೇಣಿಗಿಂತ ಗಿಡ್ಡ, ಬೆಲ್ಲದ ಬಣ್ಣ. ಒಂದನ್ನು ಉತ್ತರ ಭಾರತದ ಲ್ಯಾಬೊಂದಕ್ಕೆ ಕಳಿಸಿದರು, ಇನ್ನೊಂದನ್ನು ಮೆಹ್ನಾಜ್‌ಗೆ. ಯಾರ ಫಲಿತಾಂಶ ಮೊದಲು ಬಂದು ಒಪ್ಪಿಗೆಯಾಗುತ್ತದೋ ಆ ಲ್ಯಾಬಿನವರು ಹೈಡ್ರೋಜನ್ ತುಂಬುವ ದಿನ ಬಾವಿಯ ಬಳಿ ನಿಂತು ಅಳತೆ ತೆಗೆಯಬೇಕೆಂದು ಮಾತಾಯಿತು. ಉತ್ತರದವರ ಯಂತ್ರ ಕೆಟ್ಟು ಬಿಡಿಭಾಗಕ್ಕೆ ಕಾಯುತ್ತಿತ್ತು. ಮೆಹ್ನಾಜ್‌ಳ ಯಂತ್ರ ಸರಿಯಾಗಿತ್ತು.

ಅವಳು ಆಸೆಯನ್ನು ಯಾರಿಗೂ ಹೇಳಲಿಲ್ಲ. ಆದರೆ ನೆಲಮಂಗಲಕ್ಕೆ ಹೋಗಿ, ಲಾರಿ ಮತ್ತು ಗೋದಾಮಿನವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಉಕ್ಕಿನ ಮೂತಿಯ ಸೇಫ್ಟಿ ಶೂ ಕೊಂಡಳು. ಹೆಂಗಸರ ಅಳತೆ ಇರಲಿಲ್ಲ, ದಪ್ಪ ಕಾಲುಚೀಲ ಹಾಕಿದರೆ ಕೂರುತ್ತಿತ್ತು. ಅದನ್ನು ಪಳಗಿಸಲೆಂದು ಮನೆಯೊಳಗೆ ಹಾಕಿಕೊಂಡು ಓಡಾಡಿದಳು. ಮಗಳು ಎಲ್ಲಿಗೆ ಹೊರಟಿದ್ದಾಳೆ, ಏನನ್ನು ನೋಡಲು ಎಂದು ಕೇಳಿ ತಿಳಿದುಕೊಂಡ ಹಬೀಬುನ್ನೀಸಾ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ, “ಜಮೀನ್‌ಕೆ ನೀಚೆ ಜಾನೇಕು ಇತ್ತಿ ಜಲ್ದಿ ಕಾಯ್ಕು?” ಎಂದರು. ಮಣ್ಣಿನ ಕೆಳಗೆ ಹೋಗುವುದಕ್ಕೆ ಇಷ್ಟು ಅವಸರವೇಕೆ, ಕರೆ ಬಂದ ದಿನ ಎಲ್ಲರೂ ಹೋಗುವವರೇ ಅಲ್ಲವೇ ಎಂದು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ನಕ್ಕರು. ಮೆಹ್ನಾಜ್ ಕೂಡ ನಕ್ಕಳು, ಶೂ ಬಿಚ್ಚಲಿಲ್ಲ.

ಕಲ್ಲನ್ನು ಅವಳು ಗಾಜಿನ ಜಾಡಿಯಲ್ಲಿ ಉಪ್ಪುನೀರಿನೊಳಗೆ ಇಟ್ಟಿದ್ದಳು. ಆಳದಲ್ಲಿ ಅದು ಯುಗಯುಗದಿಂದ ನೆನೆದದ್ದು ಅಂಥ ನೀರಿನಲ್ಲೇ. ಕಣಗಳ ನಡುವೆ ಒಂದಿಷ್ಟು ಜೇಡಿ ಇರುತ್ತದೆ, ಉಪ್ಪಿನಲ್ಲಿರುವಷ್ಟು ಕಾಲ ಅದು ಮುದುಡಿಕೊಂಡು ಸುಮ್ಮನಿರುತ್ತದೆ. ಸಿಹಿನೀರು ಸೋಕಿದರೆ ಉಬ್ಬುತ್ತದೆ, ಕಳಚಿ ಹೋಗಿ ದಾರಿಗಳಿಗೆ ಅಡ್ಡ ಕೂರುತ್ತದೆ. ಮತ್ತೆ ಉಪ್ಪು ಹಾಕಿದರೂ ಸರಿಹೋಗುವುದಿಲ್ಲ. ಇದನ್ನು ಅವಳು ಲ್ಯಾಬಿಗೆ ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಪಾಠ ಮಾಡುತ್ತಿದ್ದಳು. ಕಸ ಗುಡಿಸುವವರಿಗೆ ಯಾರೂ ಪಾಠ ಮಾಡುವುದಿಲ್ಲ.

ಕಲ್ಲಿನೊಳಗೆ ಉಪ್ಪುನೀರು ಹರಿಸಿ ನೋಡಿದ್ದಾಯಿತು, ಚೆನ್ನಾಗಿ ಹರಿಯಿತು. ಹೈಡ್ರೋಜನ್ ಹರಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಹಿಂದಿನ ವರ್ಷದ ಆಯುಧಪೂಜೆಯಲ್ಲಿ ಒಂದು ಸಂಗತಿ ನಡೆದಿತ್ತು. ಒತ್ತಡದ ಮೀಟರುಗಳಿಗೂ ಅನಿಲ ಸೋರಿದರೆ ಕೂಗುವ ಉಪಕರಣಕ್ಕೂ ಕುಂಕುಮ, ವಿಭೂತಿ ಹಚ್ಚಬೇಡಿ, ಪುಡಿ ಒಳಗೆ ಹೋಗುತ್ತದೆ ಎಂದು ಮೆಹ್ನಾಜ್ ಹೇಳಿದ್ದಳು. ಯಾವ ಎಂಜಿನಿಯರಾದರೂ ಹೇಳುವ ಮಾತೇ. ಎರಡು ದಿನ ಕಳೆದ ಮೇಲೆ ಸ್ಟೋರಿನ ಆದಿನಾರಾಯಣಪ್ಪ, ಒಳ್ಳೆಯ ಮನುಷ್ಯನೇ, ಟೀ ಕುಡಿಯುತ್ತ, “ಬಿಡ್ರಪ್ಪ, ಮೇಡಮ್ಮೋರ್ಗೆ ನಮ್ ಪೂಜೆ ಎಲ್ ಆಗ್ಬರುತ್ತೆ” ಎಂದದ್ದು ಅವಳ ಕಿವಿಗೆ ಬಿತ್ತು. ಹೇಳಿದವರಿಗೆ ಅದು ಟೀ ಜೊತೆಗೇ ಮುಗಿದ ಮಾತು. ಅವಳು ಅದನ್ನು ಇಡೀ ವರ್ಷ ಹೊತ್ತುಕೊಂಡು ಓಡಾಡಿದಳು. ಆ ಬೀದಿಗಳಲ್ಲೇ ಹುಟ್ಟಿ ಬೆಳೆದವಳು, ಪ್ರತಿ ವರ್ಷ ಎಲ್ಲರ ಜೊತೆ ಕಡಲೆಪುರಿ ತಿಂದವಳು, ಹಾಗೆ ಬೇರೆಯವಳಾಗಿ ಕಾಣುವುದು ಅವಳಿಗೆ ಬೇಕಿರಲಿಲ್ಲ.

ಆದ್ದರಿಂದ ಈ ಸಲ ಲ್ಯಾಬ್ ತೊಳೆದು ಒರೆಸುವ ಮುನಿತಾಯಮ್ಮ ಬಂದು, ಮೇಡಮ್ಮೋರೆ ಯಾವ್ಯಾವುದಕ್ಕೆ ಮಾಡಲಿ ಎಂದು ಕೇಳಿದಾಗ, ಸುತ್ತಲಿದ್ದವರಿಗೂ ಕೇಳುವ ಹಾಗೆ ಹೇಳಿದಳು:

“ಎಲ್ಲಾದಕ್ಕೂ ಮಾಡಿ. ಏನನ್ನೂ ಬಿಡ್ಬೇಡಿ.”

ತಾನು ಎದುರಿಗಿದ್ದರೆ ಎಲ್ಲರಿಗೂ ಮುಜುಗರವಾದೀತೆಂದು ಪೂಜೆಯ ದಿನ ಬೆಳಿಗ್ಗೆಯೇ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ರಜೆ ಕಳೆದು ಬಂದಾಗ ಬಾಗಿಲ ಇಕ್ಕೆಲದಲ್ಲಿ ಬಾಳೆಕಂದು ಬಾಡಿತ್ತು. ಒಡೆದ ಕುಂಬಳಕಾಯಿಯ ಗುರುತು ಮೆಟ್ಟಿಲ ಮೇಲಿತ್ತು. ಒಳಗೆ ಯಂತ್ರಗಳೆಲ್ಲ ಹೊಳೆಯುತ್ತಿದ್ದವು. ಅವಳ ಮೇಜಿನ ಮೇಲೆ ಗಾಜಿನ ಜಾಡಿ ತಳ ಮೇಲಾಗಿ ಒಣಗುತ್ತಿತ್ತು. ಪಕ್ಕದಲ್ಲಿ ಬಾಳೆಯೆಲೆಯ ತುಂಡಿನ ಮೇಲೆ ಕಲ್ಲು, ಅದಕ್ಕೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಒಂದು ಚೆಂಡುಹೂವು.

ಮುನಿತಾಯಮ್ಮ ಘಾಟಿ ಕಡೆಯವಳು, ಬೆಳಿಗ್ಗೆ ಮೊದಲ ಬಸ್ಸಿಗೆ ಬರುವವಳು. ಮೆಹ್ನಾಜ್ ಕಲ್ಲನ್ನೇ ನೋಡುತ್ತ ನಿಂತದ್ದನ್ನು ಕಂಡು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

“ಎಲ್ಲಾದಕ್ಕಿಂತ ಮೊದ್ಲು ಇದ್ಕೇ ಮಾಡಿದ್ದು ಕಣ್ರಮ್ಮ. ನೀವು ಇದೊಂದ್ನ ಮಾತ್ರ ಕೂಸ್ನ ಎತ್ಕಂಡಂಗೆ ಎರಡೂ ಕೈಲಿ ಎತ್ಕತೀರ, ನಾನ್ ನೋಡಿಲ್ವಾ? ಅದೆಂತದೋ ಉಪ್ಪುನೀರಲ್ಲಿ ಬಿದ್ದು ಮೇಲೆಲ್ಲಾ ಬೆಳ್ಳಗೆ ಕಟ್ಕಂಡಿತ್ತು. ನಲ್ಲಿ ಕೆಳಗಿಟ್ಟು ಉಜ್ಜಿ, ಬಕೀಟಲ್ಲಿ ನೆನೆಹಾಕಿ, ಉಪ್ಪೆಲ್ಲ ಬಿಡ್ಸಿದೀನಿ.”

“ಎಷ್ಟೊತ್ತು ನೆನೆಸಿದ್ರಿ?”

“ಬೆಳಿಗ್ಗೆ ಹಾಕಿದ್ದು, ಪೂಜೆ ಹೊತ್ಗೆ ತೆಗ್ದೆ. ಎಂಗಾಗಿದೆ ನೋಡಿ, ಹೊಸದ್ರಂಗೆ.”

ಮೆಹ್ನಾಜ್, ಚೆನ್ನಾಗಿದೆ ಎಂದಳು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ. ಮುನಿತಾಯಮ್ಮ ಸಮಾಧಾನದಿಂದ ಪೊರಕೆ ತೆಗೆದುಕೊಂಡು ಆಚೆಗೆ ಹೋದಳು.

ಮೆಹ್ನಾಜ್ ಕಲ್ಲನ್ನು ಒರೆಸಿ, ಮತ್ತೆ ಉಪ್ಪುನೀರಿನಲ್ಲಿಟ್ಟು, ಯಂತ್ರಕ್ಕೆ ಏರಿಸಿ ಮೊದಲಿನಂತೆ ಉಪ್ಪುನೀರು ಹರಿಸಿದಳು. ಕಿರಿಯ ಸಂಶೋಧಕಿ ಧನುಶ್ರೀ ಪಕ್ಕದಲ್ಲಿ ನಿಂತು ಮೀಟರು ಓದುತ್ತಿದ್ದಳು. ಆವತಿಯ ರೈತರ ಮನೆಯ ಹುಡುಗಿ, ಮೆಹ್ನಾಜ್‌ಳ ಕೈಯಲ್ಲೇ ಕಲಿತವಳು. ಒತ್ತಡ ಏರುತ್ತ ಹೋಯಿತು. ಆಚೆಯ ತುದಿಯ ಕೊಳವೆಯಲ್ಲಿ ಹನಿ ಕಾಣಲಿಲ್ಲ. ಇನ್ನಷ್ಟು ಏರಿಸಿದರು. ಕೊನೆಗೊಂದು ಹನಿ ಬಂತು, ಅದರಲ್ಲಿ ಜೇಡಿಯ ಕದಡು ಇತ್ತು. ಧನುಶ್ರೀ ಮೀಟರಿನಿಂದ ಕಣ್ಣು ತೆಗೆದು ಮೇಡಂ ಮುಖ ನೋಡಿದಳು. ಮೆಹ್ನಾಜ್ ಪಂಪು ಆರಿಸಿ ಕೈ ತೊಳೆಯಲು ಹೋದಳು, ಬಹಳ ಹೊತ್ತು ತೊಳೆದಳು.

ಸಂಸ್ಥೆಯ ನಿರ್ದೇಶಕ ಶ್ರೀಧರ್ ಸದಾ ಆತಂಕದ ಮನುಷ್ಯ. ಲ್ಯಾಬಿಗೆ ಬರುವ ಪ್ರತಿ ಕೆಲಸವನ್ನೂ ತಾನೇ ಬೆವರು ಸುರಿಸಿ ತಂದವನು. ವಿಷಯ ಕೇಳಿ ಮೊದಲು ತಲೆ ಹಿಡಿದುಕೊಂಡ, ಆಮೇಲೆ ಬಾಗಿಲು ಹಾಕಿ ಬಂದು ಕೂತ.

“ಹಬ್ಬಕ್ಕೆ ಮುಂಚೆ ತೆಗೆದ ರೀಡಿಂಗ್ ಇದೆಯಲ್ಲ ಮೇಡಂ. ಅದೇನು ಸುಳ್ಳಾ?”

“ಸುಳ್ಳಲ್ಲ. ಅದು ನೀರು ಹರಿಸಿದ್ದು. ಹೈಡ್ರೋಜನ್ ಹರಿಸಿದ್ದಲ್ಲ.”

“ಇಂಥದೇ ಬೇರೆ ಕಲ್ಲುಗಳಿಗೆ ನೀವೇ ಎರಡೂ ಮಾಡಿದೀರಿ. ಅದರ ಮೇಲಿಂದ ಲೆಕ್ಕ ಹಾಕಿದ್ರೆ ಇದಕ್ಕೆಷ್ಟು ಬರುತ್ತೆ ಅಂತ ನಿಮಗೆ ಗೊತ್ತಾಗಲ್ವಾ? ಬರೀರಿ ಅದನ್ನ. ಯಾರಿಗೂ ತೊಂದ್ರೆ ಇಲ್ಲ. ನೀವು ಬಾವಿ ಹತ್ರ ಹೋಗ್ತೀರಿ, ಆ ಹೆಂಗಸಿನ ಕೆಲಸಾನೂ ಉಳಿಯುತ್ತೆ.”

ತನ್ನ ಆಸೆ ಇವನಿಗೆ ಹೇಗೆ ತಿಳಿಯಿತು ಎಂದು ಅವಳಿಗೆ ಆಶ್ಚರ್ಯವಾಯಿತು. ಅದು ಲ್ಯಾಬಿನಲ್ಲಿ ಎಲ್ಲರಿಗೂ ತಿಳಿದಿತ್ತು, ಗುಟ್ಟಾಗಿದೆ ಎಂದುಕೊಂಡಿದ್ದವಳು ಅವಳೊಬ್ಬಳೇ.

ಆ ವಾರದ ಕೊನೆಯಲ್ಲಿ ಮನೆಯಲ್ಲಿ ಕೂತು ಅವಳು ಲೆಕ್ಕ ಹಾಕಿಯೂ ನೋಡಿದಳು. ಅಂಕಿ ಚೆನ್ನಾಗಿ ಬಂತು, ನಂಬುವಂತಿತ್ತು. ಬಹುಶಃ ನಿಜವೂ ಆಗಿತ್ತು. ಅದನ್ನು ಕಳಿಸಿದರೆ ಮರಳುಗಾಡಿಗೆ ರೈಲು ಹತ್ತುವುದಷ್ಟೇ ಬಾಕಿ. ಶೂ ಬಾಗಿಲ ಪಕ್ಕದಲ್ಲೇ ಇತ್ತು. ಬಾವಿಯ ಮುಂದೆ ನಿಂತ ತನ್ನನ್ನು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು, ಈಗಲೂ ಕಲ್ಪಿಸಿಕೊಂಡಳು. ಅನಿಲ ಒಳಗಿಳಿಯುತ್ತದೆ, ಮೀಟರಿನ ಮುಳ್ಳು ಅಲ್ಲಾಡುತ್ತದೆ, ತಾನು ಅದನ್ನು ಓದುತ್ತೇನೆ. ಏನಿದೆ ಓದುವುದಕ್ಕೆ? ಕಲ್ಲು ಲ್ಯಾಬಿನಲ್ಲಿ ಹೇಳಿದ್ದನ್ನೇ ಬಾವಿಯೂ ಹೇಳುತ್ತದೆಯೇ ಎಂದು ನೋಡಲು ಅಲ್ಲವೇ ಅಲ್ಲಿ ನಿಲ್ಲುವುದು. ಕಲ್ಲು ಏನನ್ನೂ ಹೇಳಿಲ್ಲ. ಹೇಳಿದ್ದು ತಾನು. ಆ ಅಂಕಿ ಕೈಯಲ್ಲಿಟ್ಟುಕೊಂಡು ಅಲ್ಲಿ ನಿಂತರೆ ಬಸ್ಸಿನ ಕಿಟಕಿಯಿಂದ ನೋಡಿದಷ್ಟೂ ಕಾಣುವುದಿಲ್ಲ ಎನ್ನಿಸಿತು. ಅದನ್ನು ನಂಬಿ ಬಾವಿಯ ಬಾಯಿ ತೆರೆಯುವವರು ಬೇರೆ ಇದ್ದರು, ಅವರ ಯೋಚನೆಯೂ ಬಂತು. ಆದರೆ ಮೊದಲು ಬಂದದ್ದು ತನ್ನದೇ.

ಸೋಮವಾರ ಕಂಪನಿಗೆ ಬರೆದಳು. ಕೋರ್ ಸಿಹಿನೀರಿನಲ್ಲಿ ನೆನೆದು ಕೆಟ್ಟಿದೆ, ಹೈಡ್ರೋಜನ್ ಪರೀಕ್ಷೆ ಆಗಿಲ್ಲ, ಆಯುಧಪೂಜೆಯ ಸಂದರ್ಭದಲ್ಲಿ ನನ್ನ ಸೂಚನೆಯಂತೆ ಶುಚಿ ಮಾಡುವಾಗ ಹೀಗಾಯಿತು, ಜವಾಬ್ದಾರಿ ನನ್ನದು. ಶ್ರೀಧರ್ ಓದಿ, ಬೆವರು ಒರೆಸಿಕೊಂಡು, ಇದೊಂದು ಮಾತು ಮಾತ್ರ ಕೇಳಿ ಎಂದ.

“ಆಯುಧಪೂಜೆ ಅನ್ನೋದನ್ನ ತೆಗೀರಿ ಮೇಡಂ. ನಿಮ್ಮ ಹೆಸರಿನ ಮೇಲೆ ಅದು ಬೇಡ. ಓದೋರು ಹೇಗೆ ಬೇಕಾದ್ರೂ ಓದ್ತಾರೆ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಕಲ್ಲನ್ನು ಕೆಡಿಸಿದ್ದು ನೀರು, ಪೂಜೆಯಲ್ಲ. ಆ ಪದವನ್ನು ಹೊಡೆದುಹಾಕಿದಳು.

ಇಂಥ ಸುದ್ದಿ ಕಾಲಿಲ್ಲದೆ ಓಡಾಡುತ್ತದೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುನಿತಾಯಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಕಲ್ಲು ಕೆಟ್ಟೋಯ್ತಂತೆ. ನಾನ್ ತೊಳ್ದಿದ್ಕಾ?”

ಮೆಹ್ನಾಜ್ ಡಬ್ಬಿಯ ಮುಚ್ಚಳ ಹಾಕಿದಳು. ಇಲ್ಲ ಎನ್ನಬಹುದಿತ್ತು. ಒಂದು ಸಲ ಚೆನ್ನಾಗಿದೆ ಎಂದು ಹೇಳಿ ಆಗಿತ್ತು.

“ಹೌದು. ಸಿಹಿನೀರು ತಾಗಬಾರದಿತ್ತು ಅದಕ್ಕೆ.”

“ನಿಮ್ಮನ್ನ ಆ ಮಳ್ಳುಗಾಡ್ಗೆ ಕಳ್ಸಲ್ವಂತೆ ಇದ್ರಿಂದ.”

“ಕಳ್ಸಲ್ಲ.”

ಮುನಿತಾಯಮ್ಮ ಅಳಲಿಲ್ಲ. ಅಳುವ ಹೆಂಗಸಲ್ಲ ಅವಳು. ಚೌಕಟ್ಟಿನ ಬಣ್ಣ ಎದ್ದ ಜಾಗವನ್ನು ಉಗುರಿನಿಂದ ಕೆರೆಯುತ್ತ, ತುಸು ಕೋಪದಿಂದಲೇ ಹೇಳಿದಳು:

“ಇದೊಂದ್ನ ಮುಟ್ಬೇಡ ಕಣಮ್ಮ ಅಂತ ಒಂದ್ ಮಾತು ಅಂದಿದ್ರೆ ನಾವ್ ಮುಟ್ತಿದ್ವಾ?”

“ಹೋದ್ ವರ್ಷ ಅಂದಿದ್ನಲ್ಲ, ಮುನಿತಾಯಮ್ಮ.”

ಹೋದ ವರ್ಷದ ಆ ಟೀ ಹೊತ್ತಿನಲ್ಲಿ ಮುನಿತಾಯಮ್ಮನೂ ಅಲ್ಲೇ ಇದ್ದಳು. ಹೊರಗೆ ರಸ್ತೆಯಲ್ಲಿ ಲಾರಿಗಳ ಸಾಲು ನಿಂತು ಹಾರನ್ ಹೊಡೆಯುತ್ತಿತ್ತು. ಮುನಿತಾಯಮ್ಮ ಕೊನೆಗೆ, ಆದಿನಾರಾಯಣಪ್ಪನ ನಾಲಗೆಗೆ ಬೆಂಕಿ ಹಾಕ ಎಂದು ಗೊಣಗಿ, ಅರ್ಧ ದಾರಿಗೆ ಹೋದವಳು ತಿರುಗಿ ಬಂದು, ಊಟ ಮಾಡಿ ಎಂದು ಹೇಳಿ ಹೋದಳು.

ಅವಳ ಕೆಲಸ ಉಳಿಯಿತು. ಕೆಲಸದಿಂದ ತೆಗೆಯುವುದಾದರೆ ಸೂಚನೆ ಕೊಟ್ಟವರಿಂದ ಶುರು ಮಾಡಿ ಎಂದು ಮೆಹ್ನಾಜ್ ಶ್ರೀಧರನಿಗೆ ಹೇಳಿದ್ದಳು. ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಂಪನಿಯಿಂದ ಮರ್ಯಾದೆಯ ಉತ್ತರವೇ ಬಂತು. ನಿಜ ತಿಳಿಸಿದ್ದಕ್ಕೆ ವಂದನೆಗಳು ಎಂದಿತ್ತು. ಉತ್ತರದ ಲ್ಯಾಬಿನ ಯಂತ್ರ ರಿಪೇರಿಯಾಗಿ, ಅಲ್ಲಿಯ ತುಂಡು ಹೈಡ್ರೋಜನ್ನನ್ನು ಒಳಗೆ ಬಿಟ್ಟುಕೊಂಡಿತು, ಹಿಂದಕ್ಕೂ ಕೊಟ್ಟಿತು. ಬಂದ ಅಂಕಿ ಮೆಹ್ನಾಜ್ ಮನೆಯಲ್ಲಿ ಕೂತು ಹಾಕಿದ್ದ ಲೆಕ್ಕಕ್ಕೆ ಬಹಳ ಹತ್ತಿರವಿತ್ತು. ಶ್ರೀಧರ್ ಅದನ್ನು ತೋರಿಸಿದಾಗ ಅವಳು ನೋಡಿ, ಹೌದು ಎಂದಳು. ಅಳತೆ ತೆಗೆಯುವ ಜಾಗ ಅವರಿಗೆ ಹೋಯಿತು. ಈ ಲ್ಯಾಬಿನಿಂದ ಅನಿಲದ ಮಾದರಿ ಹಿಡಿದು ತರಲು ತರಬೇತಿಯವರೊಬ್ಬರನ್ನು ಕಳಿಸಬಹುದು, ವಯಸ್ಸು ಮೂವತ್ತರೊಳಗಿರಲಿ ಎಂದು ಕೊನೆಯ ಸಾಲಿನಲ್ಲಿ ಸೇರಿಸಿದ್ದರು.

ಧನುಶ್ರೀ ಹೊರಟಳು. ಹೊರಡುವ ಮುನ್ನ ಒಂದು ವಾರ ಮೇಡಂ ಕಣ್ಣು ತಪ್ಪಿಸಿ ಓಡಾಡಿದಳು. ಮೆಹ್ನಾಜ್ ಅವಳನ್ನು ಹಿಡಿದು ಕೂರಿಸಿ, ಮಾದರಿಯ ಬಾಟಲಿಯನ್ನು ಎಷ್ಟು ಸಲ ತೊಳೆದು ಹಿಡಿಯಬೇಕು, ಗಾಳಿ ಯಾವ ಕಡೆಯಿಂದ ಬೀಸಿದರೆ ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಟ್ಟಳು. ಶೂ ಕೊಡಲು ನೋಡಿದಳು, ಹುಡುಗಿಯ ಕಾಲಿಗೆ ಅದು ದೋಣಿಯಂತಿತ್ತು. ಮನೆಯಲ್ಲಿ ಹಬೀಬುನ್ನೀಸಾ ಅದನ್ನು ಯಾರಿಗಾದರೂ ಕೊಟ್ಟುಬಿಡುವುದೇ ಎಂದು ಕೇಳಿದರು. ಇರಲಿ ಎಂದಳು ಮೆಹ್ನಾಜ್.

ಹೈಡ್ರೋಜನ್ ತುಂಬುವ ದಿನ ಅವಳು ಎಂದಿನಂತೆ ಲ್ಯಾಬಿಗೆ ಬಂದು ಬೇರೆ ಯಾವುದೋ ಕಲ್ಲಿನ ಲೆಕ್ಕ ಹಿಡಿದು ಕೂತಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಮಧ್ಯಾಹ್ನ ಧನುಶ್ರೀಯ ಫೋನ್ ಬಂತು.

“ಶುರು ಮಾಡಿದ್ರು ಮೇಡಂ. ಒಳಗೆ ಹೋಗ್ತಾ ಇದೆ. ಒತ್ತಡ ಎಲ್ಲ ಅಂದ್ಕೊಂಡಷ್ಟೇ ಇದೆ.”

“ನೋಡೋಕೆ ಹ್ಯಾಗಿದೆ?”

“ನೋಡೋಕೇನೂ ಇಲ್ಲ ಮೇಡಂ. ಒಂದು ಪೈಪು, ಐದಾರು ವಾಲ್ವು. ಸಿಲಿಂಡರ್ ತುಂಬ್ಕೊಂಡು ಲಾರಿಗಳು ಬಂದು ನಿಂತಿವೆ. ಸುತ್ತ ಮರಳು. ನಾನು ಬೇಲಿ ಆಚೆ ಇದೀನಿ, ಫೋನ್ ಒಳಗೆ ತರೋ ಹಾಗಿಲ್ಲ.”

ಬೇಲಿಯೊಳಗೆ ಫೋನ್ ಒಯ್ಯಬಾರದೆಂದು ಮೆಹ್ನಾಜ್‌ಗೆ ತಿಳಿಯದೆ ಇಲ್ಲ. ಆದರೂ ಆ ಮಾತು ಕೇಳಿ ಮನಸ್ಸು ಮುದುಡಿತು. ಲೆಕ್ಕದ ಹಾಳೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು:

“ದೊಡ್ಡ ವಾಲ್ವ್ ದಾಟಿದ ಮೇಲೆ ಪೈಪು ಮುಟ್ಟಿ ನೋಡಿದ್ಯಾ?”

ಬೇರೆ ಬಹುತೇಕ ಅನಿಲಗಳು ಒತ್ತಡ ಕಳೆದುಕೊಂಡು ಹಿಗ್ಗಿದಾಗ ತಣ್ಣಗಾಗುತ್ತವೆ. ಹೈಡ್ರೋಜನ್ ಬೆಚ್ಚಗಾಗುತ್ತದೆ. ಇದನ್ನು ಅವಳು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತ ಬಂದಿದ್ದಾಳೆ. ಆದರೆ ಲ್ಯಾಬಿನಲ್ಲಿ ಹರಿಯುವುದು ನೂಲಿನಷ್ಟು ಅನಿಲ, ಅದರ ಬಿಸಿಯನ್ನು ಮೀಟರು ಕಂಡಿದೆಯೇ ಹೊರತು ಕೈ ಕಂಡಿಲ್ಲ.

“ಇಲ್ಲ ಮೇಡಂ.”

“ಅಲ್ಲಿರೋರನ್ನ ಕೇಳಿ, ಒಳಗೆ ಹೋಗಿ ಮುಟ್ಟಿ ಬಾ. ಅಂಗೈ ಅಲ್ಲ, ಬೆರಳಿನ ಹಿಂಭಾಗ ಇಟ್ಟು ನೋಡು. ಫೋನ್ ಅಲ್ಲೇ ಇಟ್ಟು ಹೋಗು. ಕಟ್ ಮಾಡ್ಬೇಡ.”

ಫೋನನ್ನು ಯಾವುದೋ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಗಾಳಿ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಗಾಳಿಯ ಹಿಂದೆ, ದೂರದಲ್ಲಿ, ಏನೋ ಒಂದೇ ಸಮನೆ ಮಿಡಿಯುತ್ತಿತ್ತು, ಕಂಪ್ರೆಸರ್ ಇರಬೇಕು. ಯಾರೋ ಹಿಂದಿಯಲ್ಲಿ ಚಹಾ ತರುವಂತೆ ಕೂಗಿದರು. ತಗಡೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು. ನೆಲ ಒರೆಸುತ್ತ ಬಂದ ಮುನಿತಾಯಮ್ಮ, ಮೇಡಮ್ಮ ಮಾತಿಲ್ಲದೆ ಫೋನ್ ಹಿಡಿದು ಕೂತದ್ದನ್ನು ಕಂಡು ಬಕೆಟ್ಟನ್ನು ಸದ್ದಾಗದಂತೆ ಎತ್ತಿಕೊಂಡು ಆಚೆಗೆ ಸರಿದಳು. ಫೋನಿನ ಆಚೆ ಒಬ್ಬ ನಕ್ಕ, ಇನ್ನೊಬ್ಬ ಏನೋ ಅಂದ. ಮತ್ತೆ ಗಾಳಿ, ಮತ್ತೆ ಆ ಮಿಡಿತ. ಹೆಜ್ಜೆಗಳು ಬಂದವು.

“ಬಿಸಿ ಇದೆ ಮೇಡಂ,” ಧನುಶ್ರೀ ಏದುಸಿರು ಬಿಡುತ್ತಿದ್ದಳು. “ಆದ್ರೆ ಇಲ್ಲಿ ಬಿಸ್ಲಿಗೆ ಎಲ್ಲಾನೂ ಬಿಸೀನೇ. ಬೇಲಿ ಕೂಡ.”

“ನೆರಳಿರೋ ಕಡೆ ಮುಟ್ಟಿದ್ಯಾ?”

“ಇಲ್ಲ ಮೇಡಂ, ಬಿಸ್ಲಲ್ಲೇ.”

“ವಾಲ್ವಿಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ, ಎರಡೂ ನೆರಳಲ್ಲಿ. ಹೋಗು, ಮುಟ್ಟಿ ಬಾ. ನಾನು ಇಲ್ಲೇ ಇರ್ತೀನಿ.”

ಆ ಕಡೆ ಫೋನು ಮತ್ತೆ ಮೇಜಿನ ಮೇಲೆ ಕೂತಿತು.